ಸತ್ತವರ ಮೇಲೆ ಕೇಸಿಲ್ಲ

ಅವತ್ತು ಕಾರು ಓಡಿಸುತ್ತಿದ್ದವರು ನನ್ನ ಗಂಡ ಅಲ್ಲ. ಈ ಒಂದು ಸಾಲನ್ನು ಸರಕಾರಿ ಕಾಗದದ ಮೇಲೆ ಬರೆಸಲು ನಾನು ವರ್ಷಗಟ್ಟಲೆ ಪುಣೆಯ ಶಿವಾಜಿನಗರದ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದೆ. "ಹೋಗ್ಲಿ ಬಿಡವಾ, ಆಗಿದ್ದು ಆಗಿ ಹೋತು" ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದ್ದರೆ ನಾನೂ ಬಿಡುತ್ತಿದ್ದೆ. ಇವರು ಹೇಳಿದ್ದೇ ಬೇರೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯವರದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದಲಾಲಿ ಅಂಗಡಿ. ಮೂಲ ವಿಜಾಪುರದ ಕಡೆ, ಮಾವನ ಕಾಲಕ್ಕೇ ಪುಣೆಗೆ ಬಂದು ನೆಲೆಸಿದವರು. ಮನೆಯಲ್ಲಿ ಅತ್ತೆ, ಗಂಡನ ಅಣ್ಣ ಅಂದರೆ ನಮ್ಮ ಭಾವ, ಅವರ ಹೆಂಡತಿ ಮತ್ತು ಮಗ, ನಾವಿಬ್ಬರು, ನಮ್ಮ ಮಗಳು. ಅಂಗಡಿಯಲ್ಲಿ ಒಂದು ಗಾದಿ ಇತ್ತು. ಬಿಳಿ ಹೊದಿಕೆ, ಬೆನ್ನಿಗೆ ಲೋಡು. ಅದರ ಮೇಲೆ ಕೂಡುವ ಹಕ್ಕು ಮನೆಯ ಹಿರಿಯರಿಗೆ ಮಾತ್ರ. ಮಾವ ಇರುವ ತನಕ ಮಾವ, ಅವರ ನಂತರ ಭಾವ. ಭಾವ ಊರಲ್ಲಿಲ್ಲದ ದಿನವೂ ನನ್ನ ಗಂಡ ಗಾದಿಯ ಪಕ್ಕ ಚಾಪೆ ಹಾಸಿಕೊಂಡು ವ್ಯಾಪಾರ ಮಾಡುತ್ತಿದ್ದರು.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದು ನಗೆಪಾಟಲು ಅನ್ನಿಸಿತ್ತು. "ಗಾದಿ ಏನ್ ಕಡೀತದೇನ್ರಿ?" ಎಂದು ಕಾಡಿಸಿದರೆ, "ಅಣ್ಣನ ಜಾಗಾ ಅದ. ನಿನಗ ತಿಳಿಯೂದಿಲ್ಲ, ಸುಮ್ನಿರು" ಎನ್ನುತ್ತಿದ್ದರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಅಂಥ ತಮ್ಮ ಅವರು.

ಆಮೇಲೆ ಕಾರು ಬಂತು. ಬಂದ ವಾರದಲ್ಲೇ ಭಾವ ಅಂಗಡಿಯ ಗಾದಿಗೆ ತರುವ ಬಟ್ಟೆಯಲ್ಲೇ ಒಂದು ತುಂಡು ತಂದು, ಡ್ರೈವರ್ ಸೀಟಿಗೆ ಬಿಳಿ ಹೊದಿಕೆ ಹೊಲಿಸಿದರು. ಉಳಿದ ಸೀಟುಗಳಿಗೆ ಇಲ್ಲ, ಅದೊಂದಕ್ಕೇ. "ಇದೂ ಗಾದೀನ ಮತ್ತ" ಎಂದು ಬಂದವರಿಗೆಲ್ಲ ತೋರಿಸಿದರು. ನನ್ನ ಗಂಡನಿಗೆ ಲೈಸೆನ್ಸ್ ಇತ್ತು, ಅಂಗಡಿಯ ಟೆಂಪೋವನ್ನು ಚೆನ್ನಾಗಿಯೇ ಓಡಿಸುತ್ತಿದ್ದರು. ರವಿವಾರ ರವಿವಾರ ಕಾರು ತೊಳೆಯುವವರೂ ಅವರೇ. ದಸರೆಗೆ ಚಕ್ರದ ಕೆಳಗೆ ಲಿಂಬೆಹಣ್ಣು ಇಡುವವರೂ ಅವರೇ. ಆ ಬಿಳಿ ಸೀಟಿನ ಮೇಲೆ ಮಾತ್ರ ಒಂದು ದಿನವೂ ಕೂತವರಲ್ಲ. ಹಿಂದೆ ಸರಿಸುವುದಿದ್ದರೂ ಅಣ್ಣನನ್ನು ಕರೆಯುತ್ತಿದ್ದರು.

ಸಾತಾರಾದ ಹತ್ತಿರ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಮಗಳಿಗೆ ಜ್ವರ ಇದ್ದದ್ದರಿಂದ ಅವಳನ್ನು ನೆಗೆಣ್ಣಿಯ ಹತ್ತಿರ ಬಿಟ್ಟಿದ್ದೆ. ಮುಂದೆ ಭಾವ ಮತ್ತು ನನ್ನ ಗಂಡ. ಹಿಂದೆ ಎಡಕ್ಕೆ ಅತ್ತೆ, ಬಲಕ್ಕೆ, ಭಾವನ ಬೆನ್ನ ಹಿಂದೆ, ನಾನು. ಅವತ್ತು ಶುಕ್ರವಾರ. ಶುಕ್ರವಾರ ಸಂಜೆ ಅಂಗಡಿಯ ಲಕ್ಷ್ಮಿಗೆ ದೀಪ ಹಚ್ಚುವುದೂ ಗಾದಿಯವರ ಕೆಲಸವೇ, ಬೇರೆಯವರು ಹಚ್ಚುವ ಹಾಗಿಲ್ಲ. ಊಟದ ಪಂಕ್ತಿ ತಡವಾಗಿತ್ತು. ಭಾವ ಕಾರು ಹತ್ತುವಾಗಲೇ ಮುಖ ಗಂಟು ಹಾಕಿಕೊಂಡಿದ್ದರು. ಹೊರಟ ಗಳಿಗೆಯಿಂದ ಮುಂದಿನ ಗಾಡಿಯನ್ನೆಲ್ಲ ಹಿಂದೆ ಹಾಕುತ್ತಲೇ ಬಂದರು.

ಪುಣೆಯ ಹೊರಗಿನ ಕಾತ್ರಜ ಘಾಟಿಗೆ ಇನ್ನೂ ಸ್ವಲ್ಪ ದೂರವಿತ್ತು. ರಸ್ತೆ ಬಲಕ್ಕೆ ಹೊರಳುವ ಜಾಗ. ಎದುರಿಗೆ ಲಾರಿ ಬರಲಿಲ್ಲ, ನಾಯಿ ಅಡ್ಡ ಬರಲಿಲ್ಲ, ಮಳೆಯೂ ಇರಲಿಲ್ಲ. ಇದ್ದದ್ದು ಬರೀ ರಸ್ತೆ, ರಸ್ತೆಯ ಅಂಚಿಗೆ ಒಂದು ಆಲದ ಮರ. ಕಾರು ಒಮ್ಮೆ ಡಾಂಬರು ಬಿಟ್ಟು ಕೆಳಗಿಳಿಯಿತು, ಭಾವ ಎಳೆದರು, ಗಾಡಿ ಮಾತು ಕೇಳಲಿಲ್ಲ. ಎಡಗಡೆಯಿಂದ ಮರಕ್ಕೆ ಹೊಡೆಯಿತು. ಎಡಗಡೆ ಇದ್ದ ತಾಯಿ ಮಗ ಇಬ್ಬರೂ ಅಲ್ಲೇ ಹೋದರು. ಬಲಗಡೆ ಇದ್ದ ನಾವಿಬ್ಬರು ಉಳಿದೆವು. ಭಾವನ ಹಣೆ ಒಡೆದಿತ್ತು, ನನ್ನ ತೋಳು ಮುರಿದಿತ್ತು. ಇಷ್ಟು ಸರಳ ಇದು. ಸಣ್ಣ ಮಗುವಿಗೂ ತಿಳಿಯುತ್ತದೆ.

ಆಸ್ಪತ್ರೆಯಲ್ಲಿ ನಾನು ಮಂಪರಿನಲ್ಲಿದ್ದೆ. ಸೋಲಾಪುರದಿಂದ ಕಾಕಾ ಬಂದಿದ್ದರು, ನಮ್ಮ ಮಾವನ ತಮ್ಮ. ಮನೆಯ ವ್ಯವಹಾರದಲ್ಲಿ ಪೊಲೀಸರಿರಲಿ, ಬ್ಯಾಂಕಿರಲಿ, ಮಾತಾಡುವವರು ಒಬ್ಬರೇ, ಹಿರಿಯರು. ಉಳಿದವರು ಹೌದು ಅನ್ನಬೇಕು. ಹವಾಲ್ದಾರ ನನ್ನ ಮಂಚದ ಹತ್ತಿರ ಬಂದಾಗ ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟು, ಹೆಣ್ಣುಮಕ್ಕಳದೇನು ಹೇಳಿಕೆ, ನಾನು ಹೇಳಿದೆನಲ್ಲ ಎಂದು ಮರಾಠಿಯಲ್ಲಿ ಹೇಳಿ ಹೊರಗೆ ಕರೆದುಕೊಂಡು ಹೋದದ್ದು ನೆನಪಿದೆ. ನಾನು ಮೂರ್ಖಿ, ನನ್ನ ಸಂಕಟ ನೋಡಿ ಹಾಗೆ ಮಾಡಿದರು ಅಂದುಕೊಂಡೆ.

ಅವರು ಏನು ಹೇಳಿದ್ದರೆಂದು ಗೊತ್ತಾದದ್ದು ದಿನಕರ್ಮದ ಹೊತ್ತಿಗೆ. ಗಂಡನ ಸೋದರತ್ತೆ ಇಬ್ಬರ ಫೋಟೋದ ಮುಂದೆ ಕೂತು ಎದೆ ಬಡಿದುಕೊಂಡು ಅಳುತ್ತಿದ್ದರು. "ಎಂಥಾ ಪಾಪಿ ಕೈಯೋ ನಿಂದು! ನೀ ಹೋಗಾಂವ ಹೋದಿ, ಹಡದಾಕಿನ್ನ ಯಾಕ ಕರ್ಕೊಂಡು ಹೋದ್ಯೋ!"

ನಾನು ದಂಗಾಗಿ ಕೂತೆ. ಸುತ್ತ ಇದ್ದವರೆಲ್ಲ ತಲೆ ಆಡಿಸುತ್ತಿದ್ದರು. ಯಾರೋ ಒಬ್ಬರು, ಟೆಂಪೋ ಓಡಿಸುವವನಿಗೆ ಕಾರಿನ ಹದ ಎಲ್ಲಿ ತಿಳಿಯಬೇಕು ಅಂದರು. ಆಗ ಅರ್ಥವಾಯಿತು. ಮುರಿದ ತೋಳು ಹೊತ್ತುಕೊಂಡೇ ಎದ್ದು, ಕಾಕಾ ಮತ್ತು ಭಾವ ಕೂತಿದ್ದ ಒಳಕೋಣೆಗೆ ಹೋದೆ.

"ಗಾಡಿ ಹೊಡದವ್ರು ಯಾರಂತ ಬರಸೀರಿ ಕಾಕಾ?"

ಕಾಕಾ ಬಾಗಿಲು ಮುಂದೆ ಮಾಡಿದರು. "ನೋಡವಾ, ಎದುರಿಗೊಂದು ಲಾರಿ ಇದ್ದಿದ್ರ ಅವ್ನ ಮ್ಯಾಲೆ ಹಾಕ್ತಿದ್ವಿ. ಇರ್ಲಿಲ್ಲ. ಗಿಡದ ಮ್ಯಾಲೆ ಕೇಸ್ ಹಾಕ್ಲಿಕ್ಕೆ ಬರೂದಿಲ್ಲ. ಯಾರದರೆ ಹೆಸರು ಬರಸಬೇಕಲ್ಲ? ಸತ್ತಾವ್ರ ಮ್ಯಾಲೆ ಕೇಸ್ ಇಲ್ಲ. ಅಲ್ಲಿಗಲ್ಲೇ ಮುಗೀತದ. ಇಂವಗ ಜೇಲ್ ಆದ್ರ ಅಂಗಡಿ ಯಾರು ನೋಡ್ಬೇಕು?"

"ಅವ್ರಿಗೆ ಜೇಲ್ ಆಗೂದಿಲ್ಲ, ಖರೆ. ಹೆಸರು ಆಗ್ತದಲ್ರೀ. ಹಡದ ತಾಯೀನ್ನ ಕೊಂದಾಂವ ಅಂತ ಹೆಸರು."

"ಸತ್ತಾಂವಗ ಹೆಸರು ತಗೊಂಡು ಏನ್ ಮಾಡೂದದ?" ಇದನ್ನು ಅಂದವರು ಭಾವ. ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆ ನೋಡುತ್ತ ಅಂದರು.

"ನೀವ್ ಹೊಡೀಲಿಕತ್ತಿದ್ರಿ ಭಾವಾರ. ನಿಮ್ಮ ಬೆನ್ನ ಹಿಂದನ ನಾ ಕೂತಿದ್ದೆ."

"ನಿನಗ ಪೆಟ್ಟು ಬಿದ್ದದ. ನೆನಪಿರೂದಿಲ್ಲ" ಅಂದರು.

ಥೂ! ನನ್ನ ನೆನಪಿಗೇ ಕೈ ಹಾಕಿದರು. ಭಾವ ಮೊದಲಿನಿಂದ ಕೆಟ್ಟವರೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಬಾಣಂತನದಲ್ಲಿ ಬೆಳಿಗ್ಗೆ ಎದ್ದು ಹಾಲಿಗೆ ಹೋಗುತ್ತಿದ್ದವರು ಅವರೇ. ಅವರಿಗೆ ಜೈಲಿನ ಹೆದರಿಕೆ ಅಷ್ಟೇನೂ ಇರಲಿಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ತಾಯಿಯನ್ನು ಕೊಂದವನು ಅನ್ನಿಸಿಕೊಳ್ಳಲು ಅವರಿಂದ ಆಗಲಿಲ್ಲ. ಅದಕ್ಕೆ ತಮ್ಮನನ್ನು ಹಾಗೆ ಅನ್ನಿಸಿದರು. ಗೊತ್ತಾದ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ತೋಳಿನ ಪ್ಲಾಸ್ಟರು ತೆಗೆಸಿದ ಮೇಲೆ ಪೊಲೀಸ್ ಠಾಣೆಗೆ ಹೋದೆ. ಕಾರು ಅಲ್ಲೇ ಹಿಂದೆ ನಿಂತಿತ್ತು. ಎಡಭಾಗ ಮುದ್ದೆಯಾಗಿತ್ತು, ಬಲಭಾಗದ ಬಾಗಿಲು ತೆರೆದರೆ ತೆರೆಯುತ್ತಿತ್ತು. "ಸಾಹೇಬ್ರೆ, ನಮ್ಮ ದೇಶದ ಗಾಡಿಗೆ ಸ್ಟೀರಿಂಗ್ ಬಲಕ್ಕಿರ್ತದಲ್ಲ? ಓಡಿಸುತ್ತಿದ್ದವರೇ ಸತ್ತಿದ್ದರೆ ಬಲಗಡೆ ಹೀಗೆ ಹೇಗೆ ಉಳಿಯಿತು?" ಎಂದು ಮರಾಠಿಯಲ್ಲಿ ಕೇಳಿದೆ. ಹವಾಲ್ದಾರ ಚಹಾ ಕುಡಿಯುತ್ತಿದ್ದ, ಕಪ್ಪು ಕೆಳಗಿಡಲಿಲ್ಲ. ಪಂಚನಾಮೆ ಆಗಿದೆ, ಆರೋಪಿ ಮೃತ, ಫೈಲ್ ಬಂದ್. ಮನೆಯ ಜಗಳ ಮನೆಯಲ್ಲಿ ಮುಗಿಸಿಕೊಳ್ಳಿ ಅಮ್ಮಾ ಎಂದ. ಆರೋಪಿ! ಮರಕ್ಕೂ ಗಾಡಿಗೂ ನಡುವೆ ಸಿಕ್ಕಿ ಸತ್ತ ಮನುಷ್ಯನಿಗೆ ಆ ಹೆಸರು.

ಆದರೂ ನಾನು ಆ ಮನೆಯಲ್ಲಿ ಇನ್ನೂ ಕೆಲವು ತಿಂಗಳು ಇದ್ದೆ. ಎಲ್ಲಿಗೆ ಹೋಗಲಿ? ಹೊರಬೀಳುವ ಹಾಗೆ ಮಾಡಿದ್ದು ಒಂದು ಮಧ್ಯಾಹ್ನ. ಮಕ್ಕಳು ಅಂಗಳದಲ್ಲಿ ಆಡುತ್ತ ಜಗಳಾಡಿದರು. ಭಾವನ ಮಗ ನನ್ನ ಮಗಳಿಗೆ, "ನಿಮ್ಮಪ್ಪ ನಮ್ಮ ಅಜ್ಜೀನ್ನ ಕೊಂದಾನ" ಅಂದ. ನೆಗೆಣ್ಣಿ ಕೇಳಿಸಿಕೊಂಡಳು. ಕೇಳಿಸಿಕೊಂಡು ಬದನೆಕಾಯಿ ಹೆಚ್ಚುತ್ತಲೇ ಇದ್ದಳು. ನನ್ನ ಮಗಳಿಗೆ ಆಗ ಆರು ವರ್ಷ. ಒಳಗೆ ಬಂದು, "ಅವ್ವಾ, ಅಪ್ಪಗ ಗಾಡಿ ಹೊಡೀಲಿಕ್ಕೆ ಬರ್ತಿದ್ದಿಲ್ಲೇನು?" ಎಂದು ಕೇಳಿದಳು. ಅಪ್ಪ ಹೊಡೆಯುತ್ತಿರಲಿಲ್ಲ ಅಂದೆ. "ಎಲ್ಲಾರೂ ಅಂತಾರಲ್ಲ" ಅಂದಳು. ಮರುದಿನ ಸ್ನಾನವಾದ ಮೇಲೆ ಅಜ್ಜಿಯ ಫೋಟೋಕ್ಕೆ ನಮಸ್ಕಾರ ಮಾಡಿ, ಅಪ್ಪನ ಫೋಟೋಕ್ಕೆ ಮಾಡದೆ ಹೊರಟುಹೋದಳು.

ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅವತ್ತು ಅತ್ತೆ. ಮಗಳನ್ನು ಕಟ್ಟಿಕೊಂಡು ಸ್ವಾರಗೇಟ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದೆ. ಕ್ಯಾಂಪ್ ಪೇಟೆಯ ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಜಗತ್ತು ಏನಾದರೂ ಅನ್ನಲಿ, ಈ ಹುಡುಗಿ ತನ್ನ ಅಪ್ಪನಿಗೆ ಕೈ ಮುಗಿಯಬೇಕು. ನನಗೆ ಬೇಕಾಗಿದ್ದು ಇಷ್ಟೇ. ನನ್ನ ಬಾಯಿಮಾತು ಅವಳಿಗೆ ಸಾಲದು ಅಂತ ತಿಳಿದಿತ್ತು. ಊರೆಲ್ಲ ಒಂದು ಹೇಳುವಾಗ ಅವ್ವ ಒಬ್ಬಳು ಇನ್ನೊಂದು ಹೇಳಿದರೆ ಯಾವ ಮಗು ನಂಬುತ್ತದೆ?

ವಕೀಲರೊಬ್ಬರು ಸಿಕ್ಕರು. ಮರಾಠಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಅವರು ಹೇಳಿದ್ದು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಾಡಿ ಓಡಿಸಿದವರು ಯಾರು ಎಂದು ಸುಮ್ಮನೆ ಹೋಗಿ ಕೇಳಲು ಕಾನೂನಿನಲ್ಲಿ ದಾರಿಯೇ ಇಲ್ಲವಂತೆ. ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹೋಗಿ, ಗಾಡಿಯ ಮಾಲಿಕರ, ಅಂದರೆ ಭಾವನ ಮೇಲೂ ವಿಮಾ ಕಂಪನಿಯ ಮೇಲೂ ಪರಿಹಾರ ಕೇಳಬೇಕು. ಆಗ ಕಂಪನಿಯವರು, ಸತ್ತವನೇ ಓಡಿಸಿದ್ದು, ತಪ್ಪು ಮಾಡಿದವನ ಹೆಂಡತಿಗೆ ಪರಿಹಾರ ಎಲ್ಲಿಯದು ಎಂದು ವಾದಿಸುತ್ತಾರೆ. ಆಗ ಮಂಡಳಿ ಯಾರು ಓಡಿಸಿದ್ದೆಂದು ತೀರ್ಮಾನಿಸಲೇಬೇಕಾಗುತ್ತದೆ. ಸತ್ಯದ ಬಾಗಿಲಿಗೆ ಹೋಗಬೇಕಾದರೆ ದುಡ್ಡು ಕೇಳುವವರ ಸಾಲಿನಲ್ಲಿ ನಿಲ್ಲಬೇಕು!

ಅರ್ಜಿ ಹಾಕಿದ್ದೇ ತಡ, ನೆಂಟರೆಲ್ಲ ಬಾಯಿಗೆ ಬಂದಂತೆ ಆಡಿದರು. ಗಂಡನ ಹೆಣ ಮಾರಲು ಹೊರಟವಳು ಅಂದರು. ಸೋದರತ್ತೆ ಫೋನು ಮಾಡಿ, "ರೊಕ್ಕ ಬೇಕಾದ್ರ ಕೇಳವಾ, ಮನೀ ಮರ್ಯಾದಿ ಯಾಕ ಬೀದಿಗೆ ತರ್ತಿ?" ಅಂದರು. "ನಿಮ್ಮ ಮನೀ ಮರ್ಯಾದಿ ನನ್ನ ಗಂಡನ ಹೆಣದ ಮ್ಯಾಲೆ ಕೂತದ. ಮೊದಲ ಅದನ್ನ ಇಳಸ್ರಿ" ಅಂದು ಫೋನು ಇಟ್ಟೆ.

ತಾರೀಖು, ತಾರೀಖು, ಮತ್ತೆ ತಾರೀಖು. ಒಮ್ಮೆ ಸಾಹೇಬರು ರಜೆ, ಒಮ್ಮೆ ಕಂಪನಿ ವಕೀಲರಿಗೆ ನೆಗಡಿ. ನನ್ನ ಸರದಿ ಬಂದಾಗ ಆ ವಕೀಲರು ನನ್ನನ್ನು ಒಗೆದು ಹಿಂಡಿದರು. ನೀವು ಹೆಂಡತಿ, ಪರಿಹಾರ ಸಿಕ್ಕರೆ ನಿಮಗೇ ಲಾಭ, ಹಾಗಿರುವಾಗ ನಿಮ್ಮ ಮಾತು ಹೇಗೆ ನಂಬುವುದು? ಎಡಭಾಗ ಜಜ್ಜಿಹೋಗಿದೆ, ಸರಿ, ಸತ್ತವರು ಪೆಟ್ಟಿನ ರಭಸಕ್ಕೆ ಎಗರಿ ಆ ಕಡೆ ಬಿದ್ದಿರಬಹುದಲ್ಲ? ನನ್ನ ಗಂಡ ಏನು ಕಡಲೆಕಾಯಿಯೇ, ಎಗರಿ ಬೀಳಲು? ಹಾಗಂತ ಬಾಯಿಗೆ ಬಂದಿತ್ತು, ನಮ್ಮ ವಕೀಲರ ಮುಖ ನೋಡಿ ನುಂಗಿದೆ.

ಆಮೇಲೆ ಭಾವನ ಸಾಕ್ಷಿ. ಹಿಂದಿನ ದಿನ ನಮ್ಮ ವಕೀಲರು ಗಾಡಿಯ ಫೋಟೋಗಳನ್ನು ಹರಡಿಕೊಂಡು, ನಮ್ಮ ಕೈಯಲ್ಲಿ ಗಟ್ಟಿ ಏನೂ ಇಲ್ಲ, ಅವರು ಕಲಿಸಿಕೊಟ್ಟದ್ದನ್ನೇ ಹೇಳುತ್ತಾರೆ ಎಂದು ಕೈಚೆಲ್ಲಿದರು. ಒಂದು ಫೋಟೋದಲ್ಲಿ ಬಿಳಿ ಹೊದಿಕೆಯ ಸೀಟು ಕಾಣುತ್ತಿತ್ತು. ನಾನು ಅದರ ಮೇಲೆ ಬೆರಳಿಟ್ಟು ಗಾದಿಯ ಕಥೆ ಹೇಳಿದೆ. "ಅವರಿಗೆ ಅಪಘಾತದ ಮಾತು ಕೇಳಬೇಡಿ. ಅದಕ್ಕೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಗಾದಿಯ ಮಾತು ಕೇಳಿ" ಅಂದೆ. ವಕೀಲರು ಆ ಫೋಟೋವನ್ನು ಬೇರೆ ತೆಗೆದಿಟ್ಟುಕೊಂಡರು. ಭಾವನ ಹೆಮ್ಮೆಯನ್ನೇ ಬಲೆ ಮಾಡಿದ್ದಕ್ಕೆ ನನಗೆ ಪಾಪ ಅನ್ನಿಸಲಿಲ್ಲ.

ಮರುದಿನ ಕಟಕಟೆಯಲ್ಲಿ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತರು. ನಮ್ಮ ವಕೀಲರು ಮೆಲ್ಲಗೆ, ಮದುವೆಮನೆಯಲ್ಲಿ ಮಾತಾಡಿಸುವ ಹಾಗೆ ಮರಾಠಿಯಲ್ಲಿ ಶುರುಮಾಡಿದರು. ಅಂಗಡಿ ಎಷ್ಟು ಹಳೆಯದು? ತಂದೆಯವರ ನಂತರ ಗಾದಿ ಯಾರದು? ಭಾವನ ಎದೆ ಉಬ್ಬಿತು. ನನ್ನದು ಅಂದರು. ತಮ್ಮನೂ ಪಾಲುದಾರರಲ್ಲವೇ, ನೀವು ಊರಲ್ಲಿಲ್ಲದಾಗ ಅವರು ಕೂಡುತ್ತಿದ್ದರೇನೋ?

"ನಾಹೀ ನಾಹೀ," ಭಾವ ನಕ್ಕರು. "ಮೀ ಅಸತಾನಾ ಕೋಣ ಬಸಣಾರ?" ನಾನಿರುವಾಗ ಯಾರು ಕೂಡುತ್ತಾರೆ? ಮಾರ್ಕೆಟ್ ಯಾರ್ಡಿನಲ್ಲಿ ಯಾರನ್ನು ಬೇಕಾದರೂ ಕೇಳಿ ಅಂದರು.

ವಕೀಲರು ಫೋಟೋ ಕೈಗೆ ಕೊಟ್ಟರು. ಈ ಒಂದೇ ಸೀಟಿಗೆ ಬಿಳಿ ಬಟ್ಟೆ ಯಾಕೆ? ಅದೂ ಗಾದಿಯೇ ಎಂದರು ಭಾವ, ಬಂದವರಿಗೆಲ್ಲ ಹೇಳುತ್ತಿದ್ದ ಅದೇ ಧಾಟಿಯಲ್ಲಿ. ಹಾಗಿದ್ದರೆ ತಮ್ಮ ಎಂದಾದರೂ ಅದರ ಮೇಲೆ? "ಎಂದೂ ಇಲ್ಲ! ಅವನಿಗೆ ಅಷ್ಟು ಧೈರ್ಯ ಎಲ್ಲಿತ್ತು?"

ಕಂಪನಿ ವಕೀಲರು ಕುರ್ಚಿ ಹಿಂದೆ ತಳ್ಳಿ ಎದ್ದರು. ಆಗಿಹೋಗಿತ್ತು. ಬರೆದುಕೊಳ್ಳುವವರು ಬರೆದುಕೊಂಡಾಗಿತ್ತು. ಭಾವನ ಬಾಯಿ ಇನ್ನೂ ತೆರೆದೇ ಇತ್ತು. ಏನಂದೆ ಎಂದು ಅವರಿಗೆ ತಡವಾಗಿ ಹೊಳೆಯಿತು. ಹಾಗಾದರೆ ಅವತ್ತು ಆ ಸೀಟಿನಲ್ಲಿ ಯಾರು ಕೂತಿದ್ದರು ಎಂದು ನಮ್ಮ ವಕೀಲರು ಕೇಳಿದರು. ಭಾವ ನೀರು ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹೊಟ್ಟೆ ತುಂಬ ಸಂತೋಷಪಟ್ಟೆ.

ಮಂಡಳಿಯ ತೀರ್ಪು ಬರುವಷ್ಟರಲ್ಲಿ ಹೊಸ ಶತಮಾನ ಬಂದಿತ್ತು. ಅಪಘಾತದ ವೇಳೆ ವಾಹನ ಚಲಾಯಿಸುತ್ತಿದ್ದವರು ಮೃತರಲ್ಲ, ಮಾಲಿಕರೇ ಎಂದು ಬರೆದರು. ಪರಿಹಾರವೆಂದು ಬಂದದ್ದನ್ನು ಮಗಳ ಹೆಸರಿನಲ್ಲಿಟ್ಟೆ. ಭಾವನ ಮೇಲೆ ಪೊಲೀಸ್ ಕೇಸು ಮಾತ್ರ ಆಗಲಿಲ್ಲ. ಅದಕ್ಕೆ ಕಾನೂನು ಕೊಟ್ಟ ಅವಧಿ ಮುಗಿದಿದೆ ಎಂದರು ವಕೀಲರು. ಫೈಲು ಬಂದ್ ಆದದ್ದು ಬಂದ್ ಆಗಿಯೇ ಉಳಿಯಿತು.

ಆ ವರ್ಷ ತಾಯಿ ಮಗನ ಶ್ರಾದ್ಧಕ್ಕೆ ನಾನು ಮಗಳನ್ನು ಕರೆದುಕೊಂಡು ಹೋದೆ. ಯಾರೂ ಕರೆದಿರಲಿಲ್ಲ. ನಡುಮನೆಯಲ್ಲಿ ಎಲ್ಲ ಇದ್ದರು. ಕಾಕಾ, ಸೋದರತ್ತೆ, ನೆಗೆಣ್ಣಿ, ಮಡಿಯಲ್ಲಿ ಕೂತ ಭಾವ. ತೀರ್ಪಿನ ವಿಷಯ ಎಲ್ಲರಿಗೂ ಗೊತ್ತಿತ್ತು. ಪೂಜೆ ಮುಗಿಯಿತು. ಎಲೆ ಹಾಕುವ ಮೊದಲು ನಾನು ಕೇಳಿಯೇಬಿಟ್ಟೆ. "ಇಷ್ಟು ಮಂದಿ ಮುಂದ ನನ್ನ ಗಂಡಗ ಪಾಪಿ ಅಂದಿದ್ರಿ. ಈಗ ಇಷ್ಟು ಮಂದಿ ಮುಂದ ಖರೆ ಏನಂತ ಹೇಳ್ರಿ."

ಸೋದರತ್ತೆ ಸೆರಗು ಸರಿಮಾಡಿಕೊಂಡರು. "ಏನ್ ಹೇಳೂದವಾ? ಯಾರ ಕೈಯಾಗ ಏನದ? ಹಣೆಬರಹ. ಇಂವ ಏನ್ ಬೇಕಂತ ಮಾಡಿದ್ನೇನು?"

ನನ್ನ ತಲೆ ಕೆಟ್ಟುಹೋಯಿತು. "ಅಲ್ರೀ ಅತ್ತಿ, ಗಾಡಿ ನನ್ನ ಗಂಡ ಹೊಡದಾನ ಅಂತಿದ್ದಾಗ ಅದು ಪಾಪಿ ಕೈ. ಇವ್ರು ಹೊಡದಾರ ಅಂತ ಗೊತ್ತಾದ ಕೂಡ್ಲೆ ಹಣೆಬರಹ ಆತೇನು? ಇಷ್ಟು ವರ್ಷ ಎಲ್ಲಿ ಸತ್ತಿತ್ತು ಈ ಹಣೆಬರಹ? ನನ್ನ ಗಂಡಗ ಹಣೀನ ಇರ್ಲಿಲ್ಲೇನು?" ಧ್ವನಿ ಏರಿತ್ತು, ಏರಲಿ. ಕಾಕಾ ಸಾಕು ಸಾಕು ಎಂದು ಕೈ ಮಾಡಿದರು. ಯಾರೂ ನನ್ನ ಕಡೆ ನೋಡಲಿಲ್ಲ. ತೀರ್ಪು ತಂದು ಇವರ ಮುಖದ ಮೇಲೆ ಒಗೆದರೂ ಇಷ್ಟೇ ಎಂದು ಗೊತ್ತಾಗಿ, ಮೊದಲ ಸಲ ಸುಸ್ತಾಯಿತು.

ಆಗ ಮಗಳು ಮಾತಾಡಿದಳು. ನನ್ನನ್ನಲ್ಲ, ನೇರ ಭಾವನ ಮುಂದೆ ಹೋಗಿ ನಿಂತು ಕೇಳಿದಳು. "ದೊಡ್ಡಪ್ಪಾ, ನೀವು ಗಾಡಿ ಹೊಡೀಲಿಕತ್ತಿದ್ರ ಅಪ್ಪ ಏನ್ ಮಾಡ್ಲಿಕತ್ತಿದ್ದ?"

ಇದನ್ನು ಯಾರೂ ಕೇಳಿರಲಿಲ್ಲ. ಪೊಲೀಸರೂ ಕೇಳಲಿಲ್ಲ, ಮಂಡಳಿಯೂ ಕೇಳಲಿಲ್ಲ. ನಾನು ಹೇಳಹೊರಟಾಗ ನಮ್ಮ ವಕೀಲರೇ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ತಡೆದಿದ್ದರು. ಭಾವ ತಲೆ ಎತ್ತಲಿಲ್ಲ. ನೆಲಕ್ಕೆ ಹೇಳುವ ಹಾಗೆ ಹೇಳಿದರು.

"ಸಾವಕಾಶ ಅಣ್ಣಾ ಅಂದ. ಮೂರ್ನಾಕು ಸಲ ಅಂದ. ನನಗ ಸಿಟ್ಟು ಬಂತು. ಗಾಡಿ ಹೊಡಿಯಾಂವ ನಾನೋ ನೀನೋ ಅಂತ ಬೈದೆ."

"ಅಪ್ಪ ಏನಂದ?"

"ನೀವ ಅಣ್ಣಾ ಅಂದ." ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಆಮ್ಯಾಲೆ ಮಾತಾಡ್ಲೇ ಇಲ್ಲ."

ಮಗಳು ತಿರುಗಿ ನನ್ನ ಮುಖ ನೋಡಿದಳು. ನಾನು ಹೌದು ಎಂದು ತಲೆ ಆಡಿಸಿದೆ. ಯಾರೋ ಎಲೆ ಹಾಕಲು ಬಂದು ಹಿಂದೆ ಸರಿದರು. ಭಾವನ ಹೆಗಲು ಕುಲುಕುತ್ತಿತ್ತು. ನನಗೆ ಕರುಣೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮಗಳು ಅಲ್ಲಿಂದ ಸರಿದು, ಎಲ್ಲರನ್ನೂ ದಾಟಿಕೊಂಡು ಹೋಗಿ, ಅಪ್ಪನ ಫೋಟೋದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಪ್ಪ ಸತ್ತಾಗ ಅವಳು ಅತ್ತಿರಲೇ ಇಲ್ಲ.